ಮಾಧವನಗರದ ತಲೆ, ಆರಗದ ಬಾಲ

ಇವತ್ತು ಬೆಳಿಗ್ಗೆ ಶುಂಠಿಯ ಘಮಲು ಮೂಗಿಗೆ ಬಡಿದಾಗ ಪೇಪರು ಮಡಿಚಿಟ್ಟು ಚಹಾದ ಕಪ್ಪಿಗೆ ಕೈ ಹಾಕಿದೆ. ಮೊದಲ ಗುಟುಕಿಗೇ ಮುಖ ಹುಳ್ಳಗಾಯಿತು. ಅಡುಗೆಮನೆಯಿಂದ ಹೆಂಡತಿ ಸುಮನ್‌ಳ ದನಿ ಬಂತು: "ಸಕ್ರಿ ಹಾಕೂದು ವಿಸರಿಸೇನ್ರಿ."

ವಿಸರಿಸೇನ್ರಿ, ಅಂದರೆ ಮರೆತಿದ್ದೇನೆ. ಇದನ್ನು ನೀವು ನಿಘಂಟಿನಲ್ಲಿ ಹುಡುಕಲು ಹೋಗಬೇಡಿ. ನಾವೀಗ ಇರುವ ವಿಶ್ರಾಮಬಾಗದ ಮನೆಗೆ ಬಂದರೆ ಸಿಗುತ್ತದೆ. ಬಿಚ್ಚಿ ನೋಡಿದರೆ ‘ವಿಸರ’ ಅವಳ ತವರು ಮಾಧವನಗರದ ಮರಾಠಿ. ‘ಇಸು’ ಎಂಬುದು ಎಲ್ಲಿಂದ ಬಂದ ಮಾತನ್ನೂ ಕನ್ನಡದ ಕೆಲಸಕ್ಕೆ ಹಚ್ಚುವ ನಮ್ಮ ಹಳೆಯ ತುಂಡು. ‘ಏನಿ’ ಅಂದರೆ ನಾನು. ಅದು ಗಡಿಯಾಚೆಯ ನಮ್ಮ ಹಳ್ಳಿ ಆರಗದ್ದು. ಕೊನೆಯ ‘ರಿ’ ನನಗೆ ಸಲ್ಲುವ ಮರ್ಯಾದೆ. ಸಿಟ್ಟು ಬಂದ ದಿನ ಮೊದಲು ಉದುರುವುದು ಅದೇ.

ಮದುವೆಯಾಗಿ ಬಂದಾಗ ಅವಳಿಗೆ ಕನ್ನಡದ ಗಂಧವೇ ಇರಲಿಲ್ಲ. ತಂದೆ ಗಿರಣಿಯಲ್ಲಿ ಕೆಲಸಕ್ಕಿದ್ದವರು, ಮನೆಮಾತು ಮರಾಠಿ. ನಮ್ಮದು ಜೈನರ ಒಕ್ಕಲುತನದ ಮನೆ. ಹೊಸ್ತಿಲ ಹೊರಗೆ ಮರಾಠಿ, ಒಳಗೆ ಕನ್ನಡ. ಊರೂರಿಗೆ ಸೊಸೈಟಿ ಹುಟ್ಟುತ್ತಿದ್ದ ಆ ಕಾಲದಲ್ಲಿ ನಾನು ಹಾಲಿನ ಸಹಕಾರಿ ಸಂಘದ ಗುಮಾಸ್ತ. ಚೇರಮನ್ನರ ಭಾಷಣ ಬರೆದುಕೊಡುವವನೂ ನಾನೇ. ಎಲ್ಲರೂ ಕೈ ಹಚ್ಚಿದರೆ ಗುಡ್ಡವೂ ಸರಿಯುತ್ತದೆ ಎಂದು ಬರೆಯುತ್ತಿದ್ದೆ. ಮನೆಯಲ್ಲಿ ಮಾತ್ರ ನನ್ನ ಕೈ ಜೇಬಿನಲ್ಲೇ ಇರುತ್ತಿತ್ತು.

ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ. ಸಂಜೆಯ ಊಟಕ್ಕೆ ಹಿರಿಯರನ್ನು ಕರೆಯುವುದು ಹೊಸ ಸೊಸೆಯ ಪಾಳಿ. ಕನ್ನಡದಲ್ಲಿ ಕರೆದರಷ್ಟೇ ಏಳುತ್ತೇನೆ ಎಂಬುದು ಅಜ್ಜನ ಹಟ. ಸುಮನ್ "ಊಟಕ್ಕ ಬರ್ರಿ" ಎಂಬುದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡು ಹೋದಳು. ಅಜ್ಜ ಅಷ್ಟಕ್ಕೇ ಏಳುವ ಆಸಾಮಿಯೇ?

"ಏನ ಮಾಡೀರಿ ಇವತ್ತ?" ಎಂದು ಕೇಳಿದ.

ಅವಳು ಗಾಬರಿಯಾಗಿ ಮರಾಠಿಯಲ್ಲಿ ಉತ್ತರಿಸಿದಳು. ಅಜ್ಜ ಗೋಡೆಯ ಕಡೆ ಮುಖ ತಿರುಗಿಸಿದ. ಹೊತ್ತು ಮುಳುಗಿಯೇ ಬಿಟ್ಟಿತು. ಅಜ್ಜ ಉಪವಾಸ ಮಲಗಿದ, ಆ ದುಃಖಕ್ಕೆ ಸುಮನ್ನೂ ಉಣ್ಣಲಿಲ್ಲ. ನಾಳೆಯೂ ಹೀಗಾದರೆ ತವರಿಗೆ ಹೊರಟೆ ಎಂದು ನನ್ನೆದುರು ಅತ್ತಳು. ಎರಡು ದಿನ ತಡೆ, ಎಲ್ಲ ಸರಿಹೋಗುತ್ತದೆ ಎಂದು ಹೇಳಿ ನಾನು ಜಾರಿಕೊಂಡೆ.

ಮರುದಿನ ಕಾಕು, ಅಂದರೆ ನನ್ನ ಚಿಕ್ಕಮ್ಮ, ಅವಳನ್ನು ಒಲೆಯ ಪಕ್ಕ ಕೂಡಿಸಿಕೊಂಡಳು. ಕಾಕು ಶಾಲೆಯ ಮುಖ ಕಂಡವಳಲ್ಲ. ಆದರೆ ಅವಳ ಪಾಠ ಒಂದೇ ಮಾತಿನದು: "ಮಾತಿನ ತಲಿ ನಿಮ್ಮೂರದ್ದ ಇರಲಿ, ಮಗಳ. ಬಾಲ ಅಷ್ಟ ನಮ್ದು ಹಚ್ಚು." ಮಧ್ಯಾಹ್ನವಿಡೀ ಇಬ್ಬರೂ ಕೂತು ಬಾಲ ಹಚ್ಚಿದ್ದೇ ಹಚ್ಚಿದ್ದು. ತಡೆದು ನಿಲ್ಲು ಎನ್ನುವ ಮರಾಠಿಯ ‘ಥಾಂಬ್’ ಅವಳ ಬಾಯಲ್ಲಿ ‘ಥಾಂಬಿಸ್ತೇನಿ’ ಆಯಿತು. ನಡುನಡುವೆ ನಗುವೂ ಕೇಳಿಸಿತು, ಆಗ ನನಗೆ ಜೀವ ಬಂದಂತಾಯಿತು.

ಸಂಜೆ ಸೂರ್ಯ ಕಬ್ಬಿನ ಗದ್ದೆಯ ಮೇಲೆ ಇನ್ನೊಂದು ಗೇಣು ಉಳಿದಿದ್ದಾಗ ಅವಳು ಕರೆಯಲು ಹೋದಳು.

"ಇಷ್ಟ ತಡಾ ಯಾಕ ಆತು?" ಅಜ್ಜ ಬೇಕೆಂದೇ ಹೊಸ ಪ್ರಶ್ನೆ ತೆಗೆದ.

ಸೆರಗಿನ ತುದಿ ಹಿಂಡುತ್ತ ಅವಳು ಹೇಳಿದಳು: "ಲಾಕೂಡ ಓಲೀ ಇದ್ದುವ್ರಿ ಅಜ್ಜಾರ. ಚೂಲ ಪೇಟಿಸಾಕ ವೇಳ ಆತ್ರಿ."

ಕಟ್ಟಿಗೆ ಹಸಿಯಿತ್ತು, ಒಲೆ ಹೊತ್ತಿಸಲು ಹೊತ್ತಾಯಿತು ಎಂದರ್ಥ. ಅಜ್ಜ ಅವಳನ್ನು ನೋಡಿದ, ಸೂರ್ಯನನ್ನೂ ನೋಡಿದ. "ನಡಿ, ಉಳದದ್ದು ಉಂಡಮ್ಯಾಲ ಕಲೀಯಂತಿ," ಎಂದು ಎದ್ದ. ವರ್ಷ ತಿರುಗುವುದರೊಳಗೆ ಅಜ್ಜನೂ ಚೂಲ ‘ಪೇಟಿಸ’ತೊಡಗಿದ್ದು ಬೇರೆ ಮಾತು.

ಸಪ್ಪೆ ಚಹಾ ಮುಂದಿಟ್ಟುಕೊಂಡು ಇದನ್ನೆಲ್ಲ ನೆನೆಯುವಾಗ ಒಂದು ವಿಚಾರ ಚುಚ್ಚಿತು. ತಲೆ ಅವಳು ತಂದಳು, ಬಾಲ ಕಾಕು ಕೊಟ್ಟಳು, ಕೊನೆಗೆ ಅಜ್ಜನೂ ಸೋತುಕೊಟ್ಟ. ಎರಡೂ ಭಾಷೆ ಬಲ್ಲವನು ನಾನು. ನಾನೇನು ಕೊಟ್ಟೆ?

ಅವಳನ್ನು ಕರೆದು ಕೇಳಿಯೇ ಬಿಟ್ಟೆ: "ಆ ಮೊದಲನೇ ದಿನ ನನ್ನ ಮ್ಯಾಲ ಸಿಟ್ಟ ಬಂದಿತ್ತೇನ?"

ಸುಮನ್ ಕೈ ಒರೆಸಿಕೊಂಡಳು. "ಅವತ್ತ ಹೊತ್ತ ಮುಳಗೂದ್ರಾಗ ನೀವು ನಾಕ ರೊಟ್ಟಿ ಉಂಡ್ರಿ. ನೀಡಿದಾಕಿ ನಾನ ಇದ್ನಿ."

ಅದರಲ್ಲಿ ಒಂದೂ ಮರಾಠಿ ಮಾತಿರಲಿಲ್ಲ. ನನಗೆ ನಾಚಿಕೆಯಾಯಿತು. "ತಪ್ಪಾತು," ಎಂದೆ, ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ.

ಅವಳು ಎದುರಿನ ಕುರ್ಚಿ ಎಳೆದುಕೊಂಡು ಕೂತಳು. "ಹೂಂ, ಮುಂದ ಹೇಳ್ರಿ."