ಹಳೇ ಸೆರಗಿಗೆ ಜಾಗ

ಗೆಳೆಯರೇ, ಇವತ್ತು ಮೊಳಕಾಲ್ಮೂರಿನ ಒಂದು ನೇಕಾರರ ಸಂಘದಲ್ಲಿ ಸರ್ವರ್ ತುಂಬಿಹೋಗಿತ್ತು. ಹೊಸ ಸೀರೆಯ ವಿನ್ಯಾಸ ಉಳಿಸಲು ಜಾಗವಿರಲಿಲ್ಲ. ಸರಿಪಡಿಸಲು ನನ್ನನ್ನು ಕರೆಸಿದ್ದರು.

“ಹಳೇ ಸೆರಗಿನ ಫೋಟೋ ಎಲ್ಲಾ ಅಳಿಸಿಬಿಡ್ರಿ, ಯಾರು ನೋಡ್ತಾರೆ” ಎಂದರು ಕಾರ್ಯದರ್ಶಿ.

ಪಕ್ಕದಲ್ಲಿ ಕೂತಿದ್ದ ನೇಕಾರರ ಮನೆಯ ತಿಪ್ಪಮ್ಮ ಮೆಲ್ಲಗೆ ಹೇಳಿದರು: “ನಮ್ಮ ಯಜಮಾನ್ರು ತೀರಿಕೊಳ್ಳೋಕೆ ಮುಂಚೆ ನೇಯ್ದ ಸೆರಗು ಅದ್ರಾಗೆ ಐತಪ್ಪ. ಸೀರೆ ಅವಾಗ್ಲೇ ಮಾರಿಬಿಟ್ವಿ. ಫೋಟೋ ಒಂದೇ ಉಳಿದಿರೋದು.”

ನಾನು ಏನನ್ನೂ ಅಳಿಸಲಿಲ್ಲ. ಚಳ್ಳಕೆರೆಯಿಂದ ತಂದಿದ್ದ ಹೊಸ ಡಿಸ್ಕ್ ಜೋಡಿಸಿ, ಫೈಲುಗಳಿದ್ದ ಜಾಗವನ್ನೇ, ಅಂದರೆ ಫೈಲ್ ಸಿಸ್ಟಮ್ಮನ್ನೇ, ಅದಕ್ಕೂ ಹಿಗ್ಗಿಸಿದೆ. ಒಂದು ಫೈಲೂ ಕದಲಲಿಲ್ಲ. ಆಮೇಲೆ ಆ ಸೆರಗಿನ ಫೋಟೋ ತೆರೆದು ತಿಪ್ಪಮ್ಮನಿಗೆ ತೋರಿಸಿದೆ.

ಅವರು ಬಹಳ ಹೊತ್ತು ನೋಡಿದರು. ಕಣ್ಣೊರೆಸಿಕೊಂಡು ಪರದೆಯ ಮೂಲೆಗೆ ಬೆರಳಿಟ್ಟರು.

“ಇಲ್ಲಿ ಒಂದು ಎಳೆ ತಪ್ಪೈತೆ ನೋಡು. ಅವತ್ತೇ ಹೇಳಿದ್ದೆ, ಕೇಳ್ಲಿಲ್ಲ ಮಹಾರಾಯ.”