ಈರಕ್ಕ ಪಾಸು ಮಾಡಿದ ಮಣ್ಣು

ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವರು ಬೇಕಾದಷ್ಟು ಜನ. ಹೊಲಿದದ್ದರಲ್ಲಿ ತಪ್ಪು ಹುಡುಕುವವರೂ ಇದ್ದಾರೆ. ಹುಡುಕಿದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುವವಳು ಮಾತ್ರ ಈರಕ್ಕ ಒಬ್ಬಳೇ. ಹನ್ನೆರಡು ವರ್ಷದಿಂದ ಅವಳು ಒಂದೇ ಯೂನಿಟ್ಟಿನಲ್ಲಿ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತಿದ್ದಾಳೆ. ಪ್ಯಾಂಟನ್ನು ಒಳಹೊರಗು ಮಾಡಿ ಕೊಡವುತ್ತಾಳೆ, ಉಳಿದ ದಾರ ಕತ್ತರಿಸುತ್ತಾಳೆ, ಹೊಲಿಗೆ ಜಾರಿದ್ದರೆ ಸೀಮೆಸುಣ್ಣದಲ್ಲಿ ಗೀಟು ಎಳೆದು ಹಿಂದಕ್ಕೆ ಎಸೆಯುತ್ತಾಳೆ. ಯಾರ ಮಿಷನ್ನಿನಿಂದ ಬಂದದ್ದೆಂದು ಚೀಟಿ ನೋಡದೆ ಹೇಳುತ್ತಾಳೆ. "ಇದು ನಮ್ಮನೆಯವರದು. ಜೇಬಿನ ಮೂಲಿ ತಿರುಗಿಸುವಾಗ ಯಾವತ್ತೂ ಅವಸರ" ಎಂದು ಗಂಡ ಲಕ್ಷ್ಮಣಪ್ಪನ ಪೀಸನ್ನೂ ಎಲ್ಲರೆದುರು ವಾಪಸು ಕಳಿಸಿದವಳು. ಅವತ್ತು ಸಂಜೆ ಅವನು ಮನೆಯಲ್ಲಿ ಮಾತಾಡಲಿಲ್ಲವಂತೆ. ಮಾತಾಡದಿದ್ದರೆ ಬಿಡಲಿ, ಜೇಬು ನೆಟ್ಟಗಾಯಿತಲ್ಲ ಅಂದಳಂತೆ ಈಕೆ.

ಇಂಥ ಈರಕ್ಕ ಒಂದು ಸಲ ತಪ್ಪು ಮಾಲನ್ನು ಕಣ್ಣಾರೆ ನೋಡಿಯೂ ಪಾಸು ಮಾಡಿದಳು. ಅದು ಪ್ಯಾಂಟಲ್ಲ, ಮಣ್ಣು.

ಆ ವರ್ಷ ಬೇಸಿಗೆಯಲ್ಲಿ ಅವರ ವಠಾರದ ಮೂಲೆ ಕೋಣೆಗೆ ಸುನೀತಾ ಎಂಬ ಹುಡುಗಿ ಎರಡು ತಿಂಗಳ ಮಟ್ಟಿಗೆ ಬಾಡಿಗೆಗೆ ಬಂದಳು. ಮಡಕಶಿರದವಳು, ದೂರದ ದೊಡ್ಡ ಸಂಸ್ಥೆಯೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ಬೆಳಿಗ್ಗೆ ಹೋದವಳು ಸಂಜೆ ತಲೆತುಂಬ ಧೂಳು ಮಾಡಿಕೊಂಡು ಬರುತ್ತಿದ್ದಳು, ಕೈಯಲ್ಲಿ ಪ್ಲಾಸ್ಟಿಕ್ ಚೀಲದ ತುಂಬ ಮಣ್ಣು. ವಠಾರದವರು ಚಿನ್ನವಿರಬೇಕು ಎಂದು ಗುಸುಗುಸು ಮಾಡಿದರು. ಈರಕ್ಕನಿಗೆ ಗುಸುಗುಸು ಬಾರದು. ಹೋಗಿ ನೇರವಾಗಿ ಕೇಳಿದಳು.

"ಭೂಮಿಯ ತುತ್ತತುದೀಲಿ ಹಿಮ ಕರಗೋದೇ ಇಲ್ಲ ಈರಕ್ಕ" ಎಂದಳು ಸುನೀತಾ. "ಈ ವರ್ಷ ಬಿದ್ದಿದ್ದರ ಮೇಲೆ ಮುಂದಿನ ವರ್ಷದ್ದು ಬೀಳುತ್ತೆ. ಸಾವಿರಾರು ವರ್ಷದ್ದು ಹಂಗೇ ಗಡ್ಡೆ ಕಟ್ಟಿ ಕೂತದೆ. ಬೋರು ಕೊರೆದಂಗೆ ಕೊರೆದು ಉದ್ದುದ್ದ ಗಡ್ಡೆ ತೆಗೀತಾರೆ. ಕರಗಿಸಿದ್ರೆ ತಳದಲ್ಲಿ ಚಿಟಿಕೆಗಿಂತ ಕಮ್ಮಿ ಧೂಳು ಸಿಗುತ್ತೆ. ಎಲ್ಲಿಂದಲೋ ಗಾಳೀಲಿ ಹೋಗಿ ಬಿದ್ದಿದ್ದು. ಅದು ಯಾವ ಸೀಮೆಯದು ಅಂತ ಹುಡುಕೋದೇ ನಮ್ಮ ಕೆಲಸ."

"ಅದು ಹೆಂಗ ಗೊತ್ತಾಗತೈತ್ರಿ?"

"ಒಂದೊಂದು ಸೀಮೆ ಮಣ್ಣಿಗೂ ಒಂದು ಗುರುತು ಇರುತ್ತೆ, ಅದು ಹುಟ್ಟಿದ ಬಂಡೆಯಿಂದ ಬಂದಿದ್ದು. ಎಷ್ಟು ದೂರ ಹಾರಿದ್ರೂ ಆ ಗುರುತು ಹೋಗಲ್ಲ."

"ಅಂದ್ರ ಹೊಲಿಗಿ ನೋಡಿ ಟೈಲರ್ ಯಾರಂತ ಹೇಳಿದಂಗ" ಎಂದಳು ಈರಕ್ಕ.

ಸುನೀತಾ ಬಾಯಿ ತೆರೆದುಕೊಂಡು ಅವಳನ್ನೇ ನೋಡಿದಳು. ಮೂರು ವರ್ಷದಿಂದ ತನ್ನ ಅಪ್ಪ ಅಮ್ಮನಿಗೆ ತಿಳಿಹೇಳಲು ಪರದಾಡುತ್ತಿದ್ದುದನ್ನು ಈಕೆ ಒಂದು ಮಾತಿನಲ್ಲಿ ಮುಗಿಸಿದ್ದಳು. ಅಲ್ಲಿಂದ ಇಬ್ಬರಿಗೂ ಸಲಿಗೆ ಬೆಳೆಯಿತು.

"ನಮ್ಮ ಹಗರಿ ಉಸುಕು ಅಲ್ಲೀತನ ಹೋಗಿರತೈತೇನ್ರಿ ಮೇಡಂ?"

"ಬಹುಶಃ ಇಲ್ಲ. ಆದ್ರೆ ಇಲ್ಲ ಅನ್ನೋಕ್ಕೂ ಒಂದು ಹಿಡಿ ಮಣ್ಣು ಬೇಕಲ್ವಾ? ಧೂಳು ಏಳೋ ಸೀಮೆಗಳ ಮಣ್ಣನ್ನೆಲ್ಲ ಇಟ್ಟು ತಾಳೆ ನೋಡ್ಬೇಕು."

ಈರಕ್ಕನ ತವರು ಕಣೇಕಲ್ಲಿನಾಚೆ ಹಗರಿ ದಂಡೆಯ ಒಂದು ಸಣ್ಣ ಹಳ್ಳಿ. ಅಲ್ಲಿ ಹೊಳೆಯಲ್ಲಿ ನೀರಿಗಿಂತ ಮರಳೇ ಹೆಚ್ಚು. ಆಷಾಢದ ಗಾಳಿ ಎದ್ದಿತೆಂದರೆ ಆ ಮರಳು ದಂಡೆ ಹತ್ತಿ ಹೊಲಗಳ ಮೇಲೆ ಬಂದು ಗುಡ್ಡೆ ಬೀಳುತ್ತದೆ. ಹಾಗೆ ಹೊಲ ಮುಚ್ಚಿಹೋದವರಲ್ಲಿ ಎಷ್ಟೋ ಜನ ಬಳ್ಳಾರಿಗೋ ರಾಯದುರ್ಗಕ್ಕೋ ಹೊಲಿಗೆ ಕೆಲಸಕ್ಕೆ ಬಂದರು. ಈರಕ್ಕನೂ ಲಕ್ಷ್ಮಣಪ್ಪನೂ ಹಾಗೇ ಬಂದವರು. ಆ ಊರನ್ನು ಅವಳಿಗಿಂತ ಚೆನ್ನಾಗಿ ತೋರಿಸುವವರು ಸುನೀತಾಗೆ ಎಲ್ಲಿ ಸಿಗಬೇಕು? ಒಂದು ಭಾನುವಾರ ಇಬ್ಬರೂ ಹೊರಟರು. ಕಣೇಕಲ್ಲಿನಲ್ಲಿ ಬಸ್ಸಿಳಿದಾಗ ಈರಕ್ಕನ ತಮ್ಮ ಓಬುಲೇಶ್ ತನ್ನ ಆಟೋ ತಂದಿದ್ದ.

ದಂಡೆಯುದ್ದಕ್ಕೂ ಎಂಟು ಕಡೆ ಮಣ್ಣು ತೆಗೆದರು. ಒಂಬತ್ತನೆಯದು ಈರಕ್ಕನ ಅಪ್ಪ ಮೂಕಪ್ಪನ ಹೊಲ, ಅದರಲ್ಲೂ ತಗ್ಗಿನ ಅರ್ಧ ಎಕರೆ. ಸುತ್ತ ಮರಳಿದ್ದರೂ ಅಲ್ಲಿ ಶೇಂಗಾ ಬೆಳೆಯುತ್ತಿತ್ತು. ಮೂಕಪ್ಪ ಓಬುಲೇಶನ ಮನೆಯಲ್ಲೇ ಇರುತ್ತಿದ್ದ. ಎಪ್ಪತ್ತರ ಹತ್ತಿರ ಬಂದರೂ ಹೊಲಕ್ಕೆ ಹೋಗದಿದ್ದರೆ ಅವನಿಗೆ ಉಂಡದ್ದು ಕರಗುತ್ತಿರಲಿಲ್ಲ; ಅವತ್ತೂ ಅಲ್ಲೇ ಇದ್ದ. ಸುನೀತಾ ಮಣ್ಣಿಗೆ ನೀರು ಚಿಮುಕಿಸಿ ಬೆರಳಲ್ಲಿ ಉಜ್ಜಿದಳು. ಉಜ್ಜಿ, ಮುಖ ಎತ್ತಿ ಕೇಳಿದಳು: "ಸ್ವಲ್ಪ ಅಂಟು ಜಾಸ್ತಿ ಇದೆ. ಯಜಮಾನ್ರೇ, ಬೇರೆ ಕಡೆಯಿಂದ ಮಣ್ಣು ತಂದು ಹಾಕಿದ್ದೀರಾ?"

"ಇಲ್ರೀ ಮೇಡಂ. ನಮ್ಮಪ್ಪನ ಕಾಲದಿಂದ ಇದಾ ಮಣ್ಣು" ಎಂದ ಮೂಕಪ್ಪ.

ಈರಕ್ಕ ಅಪ್ಪನ ಮುಖ ನೋಡಿದಳು. ಅವನು ನೆಲ ನೋಡಿದ. ಅದು ಹಸಿ ಸುಳ್ಳು. ಅವಳ ಮದುವೆಗೆ ಮುಂಚಿನ ಎರಡು ಬೇಸಿಗೆ, ಕಾಲುವೆ ಬಂದಾಗಿ ಕಣೇಕಲ್ಲು ಕೆರೆಯ ಅಂಚು ಬಿರುಕು ಬಿಟ್ಟಿದ್ದಾಗ, ಮನೆಮಂದಿಯೆಲ್ಲ ಕೂಡಿ ಕೆರೆ ತಳದ ಗೋಡುಮಣ್ಣು ತಂದು ಈ ಮರಳಿನ ಮೇಲೆ ಹರವಿದ್ದರು. ಅಪ್ಪ ಅಗೆಯುವುದು, ಅವ್ವ ನಾಗಕ್ಕ ಬುಟ್ಟಿ ಹೊರುವುದು, ಬಂಡಿ ತುಂಬಿದ ಮೇಲೆ ಈರಕ್ಕ ಎತ್ತಿನ ಮುಂದೆ ನಡೆಯುವುದು. ಆ ಕಪ್ಪು ಮಣ್ಣಿನ ಗಬ್ಬು ವಾಸನೆ ವಾರಗಟ್ಟಲೆ ಕೂದಲಿನಿಂದ ಹೋಗುತ್ತಿರಲಿಲ್ಲ.

ಇದೆಲ್ಲ ಗೊತ್ತಿದ್ದೂ ಅವಳ ಬಾಯಿ ಏಳಲಿಲ್ಲ. ಹೆತ್ತಪ್ಪನನ್ನು ಹೊರಗಿನವರೆದುರು ಸುಳ್ಳ ಅನ್ನುವುದು ಹೇಗೆ? ಸುನೀತಾ ಪ್ರತಿ ಜಾಗಕ್ಕೂ ತುಂಬುತ್ತಿದ್ದ ಕಾಗದದಲ್ಲಿ "ಹೊರಗಿನ ಮಣ್ಣು ಇಲ್ಲ" ಎಂದು ಬರೆದುಕೊಂಡಳು. ಮೂಕಪ್ಪ ಹೆಬ್ಬೆಟ್ಟು ಒತ್ತಿದ. ಕೆಳಗೆ ಸಾಕ್ಷಿಯ ಸಹಿ ಬೇಕಿತ್ತು. ಈರಕ್ಕ ಸಹಿ ಹಾಕಿದಳು. ಎಲ್ಲಿಯ ಹಿಮ, ಎಲ್ಲಿಯ ನಮ್ಮ ಹೊಲ, ಒಂದು ಹಿಡಿ ಮಣ್ಣಿನಿಂದ ಯಾರ ಗಂಟೇನು ಹೋಗುತ್ತದೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಐದು ತಿಂಗಳಾಯಿತು. ಸುನೀತಾ ತನ್ನ ಸಂಸ್ಥೆಗೆ ಹೋಗಿ ಆಗಿತ್ತು. ಒಂದು ಸಂಜೆ ಅವಳ ಫೋನು ಬಂತು. ದನಿಯಲ್ಲಿ ಹಬ್ಬವಿತ್ತು.

"ಈರಕ್ಕ, ಎಂಟು ಮಣ್ಣೂ ಒಂದೇ ಥರ ಬಂದವೆ. ನಿಮ್ಮಪ್ಪನ ಹೊಲದ್ದು ಮಾತ್ರ ಬೇರೆ! ಮೂರು ಸಲ ಪರೀಕ್ಷೆ ಮಾಡ್ದೆ. ಯಾವುದೋ ಹಳೇ ಕಾಲದ ಗಾಳಿ ದೂರದಿಂದ ತಂದು ಹಾಕಿದ ಮಣ್ಣಿರಬೋದು ಅಂತಾರೆ ನಮ್ಮ ಸರ್. ಬರೋ ಸೋಮವಾರ ಎಲ್ಲರ ಮುಂದೆ ಹೇಳ್ತಾ ಇದ್ದೀನಿ. ನಿಮ್ಮ ಹೆಸರೂ ಹಾಕಿದ್ದೀನಿ."

ಈರಕ್ಕ "ಹೌದೇನ್ರಿ" ಎಂದಷ್ಟೇ ಹೇಳಿ ಫೋನಿಟ್ಟಳು. ದೂರದಿಂದ ಮಣ್ಣು ತಂದದ್ದು ಹಳೇ ಕಾಲದ ಗಾಳಿಯಲ್ಲ, ತಮ್ಮ ಮನೆಯ ಎತ್ತಿನ ಬಂಡಿ. ಆ ಹುಡುಗಿ ನಾಲ್ಕು ಜನ ವಿದ್ವಾಂಸರ ಮುಂದೆ ನಿಂತು ಅದನ್ನು ಗಾಳಿಯ ಲೆಕ್ಕಕ್ಕೆ ಬರೆಯುತ್ತಾಳೆ. ಒಂದು ದಿನ ಯಾರೋ ತಪ್ಪು ಹಿಡಿದರೆ ಮೂರು ವರ್ಷದ ದುಡಿಮೆ ಮಣ್ಣುಪಾಲು. ಅದಕ್ಕೆ ಸಾಕ್ಷಿ ಯಾರು? ತಾನು.

ಮರುದಿನ ಚೆಕಿಂಗ್ ಟೇಬಲ್ಲಿನಲ್ಲಿ ಅವಳ ಕಣ್ಣು ಇತ್ತು, ಮನಸ್ಸು ಇರಲಿಲ್ಲ. ಮಧ್ಯಾಹ್ನ ಸೂಪರ್‌ವೈಸರ್ ಯರ್ರಿಸ್ವಾಮಿ ಒಂದು ಪ್ಯಾಂಟು ಎತ್ತಿ ಹಿಡಿದುಕೊಂಡು ಬಂದ. "ಈರಕ್ಕಾ, ಆರಾಮದೀರಿಲ್ಲೋ? ಜಿಪ್ಪೇ ಇಲ್ಲದ್ದು ಪಾಸಾಗಿ ಬಂದೈತಲ್ರೀ!"

ಇಡೀ ಯೂನಿಟ್ಟು ನಕ್ಕಿತು. ಲಕ್ಷ್ಮಣಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ, ಪಾಪ, ಎಷ್ಟು ವರ್ಷದ್ದು ಬಾಕಿಯಿತ್ತೋ. ಆದರೆ ಹೆಂಡತಿ ತಿರುಗಿ ಬಯ್ಯದೆ ಕತ್ತರಿ ಕೆಳಗಿಟ್ಟದ್ದು ನೋಡಿ ಅವನ ನಗು ಅರ್ಧಕ್ಕೇ ನಿಂತಿತು. ಅವಳು ಅರ್ಧ ದಿನ ರಜೆ ಹೇಳಿ ಕಣೇಕಲ್ಲಿನ ಬಸ್ಸು ಹತ್ತಿದಳು.

ಮೂಕಪ್ಪ ಮನೆಯ ಮುಂದೆ ಕುಳಿತು ಶೇಂಗಾ ಬಳ್ಳಿಯಿಂದ ಕಾಯಿ ಬಿಡಿಸುತ್ತಿದ್ದ.

"ಅಪ್ಪಾ, ಆ ಮೇಡಮ್ಮಿಗೆ ಯಾಕ ಸುಳ್ಳು ಹೇಳಿದಿ?"

"ಯಾ ಮೇಡಮ್ಮು?"

"ನಾಟಕ ಮಾಡಬ್ಯಾಡ."

ಅವನು ನಾಲ್ಕು ಕಾಯಿ ಬಿಡಿಸಿ ಬುಟ್ಟಿಗೆ ಹಾಕಿದ. "ಕೆರಿ ಗೋಡು ಹೇರಾಕ ಎಮ್ಮಾರ್ವೋ ಸಾಹೇಬ್ರ ಕಂದಾಯ ಆಫೀಸಿನವ್ರು ಐವತ್ತು ಬಂಡಿಗಷ್ಟಾ ಬರಕೊಟ್ಟಿದ್ರು. ನಾವು ಹೇರಿದ್ದು ಅದರ ಹತ್ತು ಪಟ್ಟು ಇದ್ದೀತು. ಆಕಿ ಕಾಗದ ತಗದು ಬರಕೊಳ್ಳಾಕ ನಿಂತ್ಲು. ಹೊಲದ ಪಾಸುಬುಕ್ಕಿಗೆ ಕೈ ಹಚ್ಚಿದ್ರ ಏನ್ಮಾಡ್ಲಿ?"

"ಆಕಿ ಎಮ್ಮಾರ್ವೋ ಅಲ್ಲಪ್ಪ, ಓದೋ ಹುಡುಗಿ! ನಮ್ಮ ಮಾತು ನಂಬಿ ಆಕಿ ಸೋಮವಾರ ಹತ್ತು ಮಂದಿ ಮುಂದ ತಪ್ಪು ಹೇಳ್ತಾಳ. ಅದರ ಕೆಳಗ ನನ್ನ ಸಹಿ ಐತಿ. ಹನ್ನೆರಡು ವರ್ಷ ಮಂದಿ ತಪ್ಪು ಹಿಡದೀನಿ. ನನ್ನ ತಪ್ಪು ನುಂಗಿಕೊಂಡು ಆ ಟೇಬಲ್ ಮುಂದ ಹೆಂಗ ನಿಂದ್ರಲಿ?" ಎನ್ನುವಷ್ಟರಲ್ಲಿ ಅವಳಿಗೆ ಅಳು ಬಂದುಬಿಟ್ಟಿತು. ನಾಗಕ್ಕ ತೀರಿಕೊಂಡ ಮೇಲೆ ಮಗಳು ಅತ್ತದ್ದನ್ನು ಮೂಕಪ್ಪ ನೋಡಿರಲಿಲ್ಲ.

ಅವನು ಕೈಯಲ್ಲಿದ್ದ ಬಳ್ಳಿ ಕೆಳಗಿಟ್ಟ. ಆಮೇಲೆ ಮೆಲ್ಲಗೆ ಹೇಳಿದ: "ಪಾಸುಬುಕ್ಕು ಒಂದಾ ಅಲ್ಲವ್ವ. ತಂದು ಹಾಕೀವಿ ಅಂದ್ರ, ಈಗೆಲ್ಲೈತಿ ಅಂತ ಕೇಳ್ತಾರ. ಹದಿನಾಲ್ಕು ಆಷಾಢದ ಗಾಳಿ ಬೀಸೈತಿ. ಅದೆಲ್ಲಾ ಯಾವತ್ತೋ ಹಾರಿ ಹೋಗಿರತೈತಿ. ಆ ಬುಟ್ಟಿ ಹೊತ್ತಾ ನಿಮ್ಮವ್ವನ ನಡ ಹೋತು. ಗಾಳಿಗೆ ತೂರಾಕ ಹೊರಿಸಿದೆ ಅಂತ ಯಾ ಬಾಯಿಲೆ ಹೇಳ್ಲಿ?"

ಈರಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಮೂಕಪ್ಪ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದ.

"ಫೋನ್ ಹಚ್ಚು. ನಾನಾ ಹೇಳ್ತೀನಿ."

ಫೋನಿನಲ್ಲಿ ಮಾತಾಡುವುದೆಂದರೆ ಅವನಿಗೆ ಹೊಳೆಯ ಆಚೆ ದಂಡೆಗೆ ಕೂಗುವುದು. "ಮೇಡಮ್ಮೋರೇ! ನಾನ್ರಿ, ಮೂಕಪ್ಪ! ಸುಳ್ಳು ಹೇಳಿದ್ದೆ! ಅದು ಕೆರಿ ಮಣ್ಣು! ನಾವಾ ಹೇರಿದ್ದು! ನನ್ನ ಮಗಳದೇನೂ ತಪ್ಪಿಲ್ರಿ!"

ಈರಕ್ಕ ಫೋನಿನ ಹತ್ತಿರ ಕಿವಿ ತಂದಳು. ಆಚೆಯಿಂದ ನಗು ಕೇಳಿಸಿತು. ಮೊದಲು ಸಣ್ಣದಾಗಿ, ಆಮೇಲೆ ತಡೆಯಲಾರದಂತೆ.

"ಅಯ್ಯೋ ಯಜಮಾನ್ರೇ, ಆ ಮಣ್ಣು ಎಲ್ಲೂ ಹೊಂದ್ತಾ ಇರ್ಲಿಲ್ಲ, ತಲೆ ಕೆಟ್ಟೋಗಿತ್ತು ನಂಗೆ! ಆ ಕೆರೆ ಗೋಡು ತುಂಗಭದ್ರೆ ಕಾಲುವೆ ನೀರಿನ ಜೊತೆ ಬಂದಿದ್ದು, ಅದಕ್ಕೇ ಗುರುತು ಬೇರೆ. ಪುಣ್ಯಕ್ಕೆ ನಮ್ಮ ಸರ್ ಬಿಟ್ಟು ಇನ್ನೂ ಯಾರಿಗೂ ಹೇಳಿಲ್ಲ. ಹೇಳಿದ್ರೆ ಮಾನ ಹೋಗ್ತಿತ್ತು."

"ಕೇಸೇನಾರ ಆಗತೈತೇನ್ರಿ?"

"ಯಾವ ಕೇಸೂ ಇಲ್ಲ. ಈಗ ಸರ್ಕಾರದವರೇ ಗೋಡು ತಗೊಂಡೋಗಿ ಅಂತಾರೆ. ಈರಕ್ಕಂಗೆ ಫೋನ್ ಕೊಡಿ, ಬಯ್ಬೇಕು."

ಈರಕ್ಕ ಫೋನು ತೆಗೆದುಕೊಂಡಳು. "ಬಯ್ರಿ ಮೇಡಂ, ಎಷ್ಟು ಬೇಕಾದ್ರೂ ಬಯ್ರಿ" ಎಂದಳು. ಸುನೀತಾ ಬೈದಳು, ಅದೂ ಸಾಕಷ್ಟು. ಅಷ್ಟು ಹಿತವಾದ ಬೈಗುಳವನ್ನು ಈರಕ್ಕ ಜೀವಮಾನದಲ್ಲಿ ತಿಂದಿರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದ ಮೇಲೆ, ಅಪ್ಪ ಅಂದ ಇನ್ನೊಂದು ಮಾತನ್ನೂ ಹೇಳಿದಳು: ಗೋಡೆಲ್ಲ ಹಾರಿಹೋಗಿದೆಯೆಂಬ ಅವನ ಕೊರಗನ್ನು.

"ಹಾರಿಹೋಗಿದ್ರೆ ನಂಗೆ ಬೇರೆ ಥರ ಯಾಕೆ ಬರ್ತಿತ್ತು ಈರಕ್ಕ?" ಎಂದಳು ಸುನೀತಾ. "ಅಲ್ಲೇ ಇದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ? ಸೋಮವಾರದ್ದು ಮುಗಿಸಿ, ಆಮೇಲಿನ ಭಾನುವಾರ ನಾನೇ ಬರ್ತೀನಿ. ಗೋಡಿನ ಕೆಳಗಿರೋ ಅಸಲಿ ಮಣ್ಣು ಬೇಕು ನಂಗೆ."

ಹೇಳಿದ ಹಾಗೆ ಬಂದಳು. ದಂಡೆಯ ಆ ಎಂಟು ಮಣ್ಣಿಗೂ ಹಿಮದ ಗಡ್ಡೆಯೊಳಗಿನ ಧೂಳಿಗೂ ತಾಳೆಯಾಗಿಲ್ಲ, ಆ ಧೂಳು ಇಲ್ಲಿಯದಲ್ಲ ಎಂದು ಈಗ ಧೈರ್ಯವಾಗಿ ಬರೆಯಬಹುದು ಎಂದಳು. ಓಬುಲೇಶ್ ಗುಂಡಿ ಅಗೆದ. ಮೂಕಪ್ಪ ದೂರ ನಿಂತಿದ್ದ, ಹತ್ತಿರ ಬಾ ಎಂದರೂ ಬರಲಿಲ್ಲ. ಮೇಲೆ ಎರಡು ಬೆರಳು ಮರಳಿತ್ತು. ಅದರ ಕೆಳಗೆ ಗುದ್ದಲಿಗೆ ಕಪ್ಪು ಮಣ್ಣು ಅಂಟಿಕೊಂಡು ಬಂತು. ಅಗೆದಂತೆ ಬರುತ್ತಲೇ ಇತ್ತು, ಶೇಂಗಾದ ಬೇರುಗಳು ಅದರೊಳಗೆ ಹೆಣೆದುಕೊಂಡಿದ್ದವು. ಸರಿಯಾಗಿ ಒಂದು ಗೇಣು ಆದ ಮೇಲೆ ಹೊಳೆಯ ಬಿಳಿ ಮರಳು ಕಂಡಿತು.

ಮೂಕಪ್ಪ ಬಂದು ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತ. ಕಪ್ಪು ಮಣ್ಣಿನ ಗೋಡೆಗೆ ಗೇಣು ಹಚ್ಚಿ ಅಳೆದ. ಇನ್ನೊಂದು ಸಲ ಅಳೆದ.

"ಹೋಗಿಲ್ಲ, ಈರೀ" ಎಂದ. "ನಿಮ್ಮವ್ವ ಹೊತ್ತಿದ್ದು ಇಲ್ಲೇ ಐತಿ."

ಸುನೀತಾ ತನಗೆ ಬೇಕಾದಷ್ಟು ಮರಳು ತುಂಬಿಕೊಂಡ ಮೇಲೆ ಓಬುಲೇಶ್ ಗುಂಡಿ ಮುಚ್ಚಲು ಗುದ್ದಲಿ ಎತ್ತಿದ. ಮೂಕಪ್ಪ ಅದನ್ನು ಕಸಿದುಕೊಂಡ. ಮೊದಲು ಬಿಳಿ ಮರಳನ್ನಷ್ಟೇ ಎಳೆದು ಹಾಕಿದ. ಆಮೇಲೆ ಗುದ್ದಲಿ ಪಕ್ಕಕ್ಕಿಟ್ಟು, ಕಪ್ಪು ಮಣ್ಣನ್ನು ಎರಡೂ ಕೈಯಿಂದ ಬಾಚಿ ಬಾಚಿ ಹಾಕಿ, ಒಂದು ಹೆಂಟೆಯೂ ಹೊರಗುಳಿಯದಂತೆ ಅಂಗೈಯಿಂದ ತಟ್ಟಿದ.