ಬದಲಿಗೆ ತಂದ ಟಗರು

ಅಜ್ಜಿಯ ಮಾತು ಬಂದರೆ ನಮ್ಮ ಮನೆಯವರು ಇವತ್ತಿಗೂ ಅವಳ ಬಾಡಿನ ಸಾರಿನಿಂದಲೇ ಶುರು ಮಾಡುತ್ತಾರೆ. ನನಗೆ ಮೈ ಉರಿಯುತ್ತದೆ. ಸಾರು ನೆನಪಿದೆ, ಆ ಸಾರಿಗೆ ಅವಳು ಇಟ್ಟುಕೊಂಡಿದ್ದ ಕಟ್ಟಳೆ ಮಾತ್ರ ಯಾರಿಗೂ ನೆನಪಿಲ್ಲ.

ಐಮಂಗಲದಿಂದ ಸ್ವಲ್ಪ ಒಳಗೆ ನಮ್ಮ ಊರು. ಅಜ್ಜಿ ಕೋಳಿ, ಕುರಿ ಸಾಕುತ್ತಿದ್ದಳು, ಅಡುಗೆಯನ್ನೂ ಅಷ್ಟೇ ಆಸೆಯಿಂದ ಮಾಡುತ್ತಿದ್ದಳು. ಆದರೆ ತಾನು ಸಾಕಿದ್ದನ್ನು ತನ್ನ ಒಲೆಯ ಮೇಲೆ ಬೇಯಿಸುತ್ತಿರಲಿಲ್ಲ. ಹಬ್ಬ ಬಂದರೆ ನಮ್ಮ ಹುಂಜ ನಾಲ್ಕು ಮನೆ ಆಚೆಗಿನ ಅವಳ ಗೆಳತಿಯ ಮನೆಗೆ, ಆ ಗೆಳತಿಯ ಹುಂಜ ನಮ್ಮ ಮನೆಗೆ. ಅದೂ ಬೆಳಕು ಹರಿದ ಮೇಲೆ, ಹೊಟ್ಟೆ ತುಂಬ ಕಾಳು ಹಾಕಿಯೇ ಕಳಿಸಬೇಕು. ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಹೋಗಿ ಬದಲಿಸಿಕೊಂಡು ಬರುತ್ತಿದ್ದವಳು ನಾನೇ. "ಅವ್ರ ಹುಂಜ ಆದ್ರೆ ಪಾಪ ಬರಲ್ವೇನಜ್ಜಿ?" ಎಂದು ಕೇಳಿದರೆ, "ಬರ್ತೈತೆ ಕಣೇ. ಆದ್ರೆ ಅದ್ರ ಮಖದ ಪರಿಚಯ ಇಲ್ಲ ನಂಗೆ" ಎಂದು ಈರುಳ್ಳಿ ಹೆಚ್ಚುತ್ತಾ ನಗುತ್ತಿದ್ದಳು.

ಕೊನೆಗಾಲಕ್ಕೆ ಅವಳ ಹತ್ತಿರ ಉಳಿದದ್ದು ಒಂದೇ ಟಗರು. ಅದಕ್ಕೆ ಬೀಗರ ಮರ್ಯಾದೆ. "ಬರ್ರಿ ಬೀಗ್ರೇ, ಬರ್ರಿ, ಮುದ್ದೆ ಆರೋಗ್ತೈತೆ" ಎಂದು ಕರೆದು ಅಂಗೈಯಲ್ಲೇ ತಿನ್ನಿಸುತ್ತಿದ್ದಳು. ಬೇರೆಯವರು ಹತ್ತಿರ ಹೋದರೆ ಹಾಯುತ್ತಿತ್ತು. ಹಬ್ಬಹಬ್ಬಕ್ಕೂ ದೊಡ್ಡಪ್ಪ ಅದರ ಮೇಲೆ ಕಣ್ಣು ಹಾಕುವುದು, ಅಜ್ಜಿ ಏನಾದರೊಂದು ನೆಪ ಹೇಳುವುದು. "ಈ ಸಲ ಬ್ಯಾಡಪ್ಪ, ಬೀಗ್ರಿಗೆ ನೆಗಡಿ ಆಗೈತೆ."

ಹೋದ ವರ್ಷ ಅಜ್ಜಿ ಹಾಸಿಗೆ ಹಿಡಿದಳು. ನಾನು ಚಿತ್ರದುರ್ಗದಿಂದ ರಜೆ ಹಾಕಿ ಬಂದೆ. ಟಗರಿಗೆ ಮುದ್ದೆ ತಿನ್ನಿಸುವ ಕೆಲಸ ನನ್ನ ಪಾಲಿಗೆ ಬಂತು. ಅವಳ ಹಾಗೆಯೇ ಕರೆದರೆ ಬರುತ್ತಿತ್ತು. ಒಂದು ಮಧ್ಯಾಹ್ನ ಅಜ್ಜಿ ನನ್ನ ಕೈ ಹಿಡಿದುಕೊಂಡಳು. "ನನ್ನ ತಿಥಿಗೆ ಬಾಡೂಟ ಮಾಡೇ ಮಾಡ್ತಾರೆ, ಮಾಡ್ಲಿ. ಬೀಗ್ರನ್ನ ಮಾತ್ರ ನಮ್ಮ ಒಲೆಗೆ ಹಾಕಬ್ಯಾಡ್ರಿ. ಬದ್ಲಿ ಮಾಡ್ಸು. ನೀನು ನೋಡ್ಕ." ಆಯ್ತಜ್ಜಿ ಅಂದೆ. ಅನ್ನುವುದಕ್ಕೇನು, ಯಾರು ಬೇಕಾದರೂ ಅನ್ನಬಹುದು.

ತಿಥಿಯ ದಿನ ಬೆಳಕು ಹರಿಯುವ ಮೊದಲೇ ದೊಡ್ಡಪ್ಪ ಹಗ್ಗ ಹಿಡಿದು ಹಿತ್ತಲಲ್ಲಿ ಒದ್ದಾಡುತ್ತಿದ್ದ. ಟಗರು ಗೂಟ ಕಿತ್ತುಕೊಂಡು ಬೇಲಿಯ ಮೂಲೆ ಸೇರಿತ್ತು.

"ಬದ್ಲಿ ಮಾಡ್ಬೇಕು ದೊಡ್ಡಪ್ಪ. ಅಜ್ಜಿ ಹೇಳಿದ್ಲು" ಅಂದೆ.

"ಸತ್ತೋಳಿಗೆ ಯಾವ ಮನೆ ಕುರಿ ಅಂತ ಗೊತ್ತಾಗ್ತೈತೇನೇ? ನೆಂಟ್ರು ಬರೋ ಹೊತ್ತಾತು. ನೀನು ಕರಿ, ನಿಂಗೆ ಬರ್ತೈತೆ."

ಹಿತ್ತಲ ತುಂಬ ಅಣ್ಣತಮ್ಮಂದಿರು ನಿಂತಿದ್ದರು. ಎಲ್ಲರೆದುರು ಜಗಳ ಯಾಕೆ ಎಂದುಕೊಂಡೆ. ಥೂ, ನನ್ನ ಮರ್ಯಾದೆಗೆ ಬೆಂಕಿ ಬೀಳ. ಬರಿಗೈ ಚಾಚಿ, ಅಜ್ಜಿಯ ದನಿಯಲ್ಲೇ "ಬರ್ರಿ ಬೀಗ್ರೇ, ಬರ್ರಿ" ಅಂದೆ. ಬಂತು. ಅಂಗೈಗೆ ಮೂತಿಯಿಟ್ಟು ಮುದ್ದೆ ಹುಡುಕಿತು. ಹುಡುಕುತ್ತಿರುವಾಗಲೇ ಕೊರಳಿಗೆ ಹಗ್ಗ ಬಿತ್ತು.

ಬಿಸಿಲೇರುವ ಹೊತ್ತಿಗೆ ಅಜ್ಜಿಯ ಗೆಳತಿ ಬಂದಳು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತನ್ನ ಮನೆಯ ಟಗರಿನ ಹಗ್ಗ. "ಹೊಟ್ಟೆ ತುಂಬ ಮೇಯ್ಸಿ ತರೋದ್ರಾಗೆ ತಡ ಆತು. ನಿಮ್ದು ಎಲ್ಲೈತೆ, ಕೊಡ್ರಿ" ಅಂದಳು. ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ಮಸಾಲೆ ನಾನೇ ಅರೆದದ್ದು, ಅಜ್ಜಿ ಕಲಿಸಿದ್ದು. ವಾಸನೆ ಕೇರಿಗೆಲ್ಲ ಹರಡಿತ್ತು. ಮುದುಕಿ ಹಂಡೆಯನ್ನು ನೋಡಿದಳು, ಹಿತ್ತಲಲ್ಲಿ ಬಿದ್ದಿದ್ದ ಗೂಟವನ್ನು ನೋಡಿದಳು.

"ಅದು ಯಾರ ಕೈಗೂ ಸಿಗ್ತಿರ್ಲಿಲ್ಲವಲ್ಲ. ಹೆಂಗೆ ಹಿಡಿದ್ರಿ?"

"ಇವ್ಳು ಕರೆದ್ಲು, ಬಂತು" ಎಂದ ದೊಡ್ಡಪ್ಪ, ನನ್ನನ್ನು ತೋರಿಸಿ, ಹೆಮ್ಮೆಯಿಂದ.

ಕುಂತ್ಕಳ್ರಿ, ಉಂಡು ಹೋಗ್ರಿ ಎಂದು ಎಲ್ಲರೂ ಹೇಳಿದರೂ ಕೇಳದೆ ಮುದುಕಿ ತನ್ನ ಟಗರನ್ನು ಹೊಡೆದುಕೊಂಡು ವಾಪಸ್ ಹೋದಳು. ಅಜ್ಜಿಯ ಫೋಟೋ ಮುಂದೆ ಎಡೆ ಇಟ್ಟರು. ಸಾರು ಥೇಟು ಅವಳ ಕೈರುಚಿ ಎಂದು ನೆಂಟರೆಲ್ಲ ಹೊಗಳಿದರು. ನಾನೂ ಪಂಕ್ತಿಯಲ್ಲಿ ಕೂತೆ, ಉಂಡೆ.